ಭಾನುವಾರದ ಹಾಳೆಗಳು

ಪ್ರಿಂಟರ್ ಕೈಕೊಟ್ಟರೆ ಆರತಿ ಅಕ್ಕ ಬರುವುದೂ ನಿಂತುಹೋಗುತ್ತದೆ. ಡೈರಿಯಲ್ಲಿ ಇಷ್ಟು ಬರೆದ ನಿಸರ್ಗಾಳಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಪರದೇಶಕ್ಕೆ ಬಂದು ಓದು ಮುಗಿಸಿ ಕೆಲಸ ಹಿಡಿದ ಹುಡುಗಿ ಚಿಂತೆ ಮಾಡುವ ವಿಷಯವೇ ಇದು? ಆದರೂ ಹೊಡೆದುಹಾಕಲಿಲ್ಲ.

ಆರತಿ ಹುಬ್ಬಳ್ಳಿಯವಳು. ಮೊದಲು ಮೌಂಟನ್ ವ್ಯೂ ಊರಿನ ಇದೇ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿದ್ದಳು; ಈಗ ಗಂಡ ಶಶಿಧರ, ಮಗಳ ಜೊತೆ ಕಾರಿನಲ್ಲಿ ಗಂಟೆ ದಾರಿಯ ಡ್ಯಾನ್‌ವಿಲ್ ಸೇರಿದ್ದಾಳೆ. ಭಾನುವಾರ ಇಲ್ಲೇ ಪಕ್ಕದ ಲಾಸ್ ಆಲ್ಟೋಸ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಬರುವವಳು, ದಾರಿಯಲ್ಲಿ ಇಳಿದು, ನಿಸರ್ಗಾಳ ಪ್ರಿಂಟರಿನಲ್ಲಿ ಅಕ್ಷರ ತಿದ್ದುವ ಹಾಳೆ ತೆಗೆದುಕೊಂಡು ಹೋಗುವುದು ವಾಡಿಕೆ. ಹಾಳೆ ಬರುವಷ್ಟು ಹೊತ್ತು ಚಹಾ, ಅತ್ತೆಯ ದೂರು, ಮಗಳ ತುಂಟತನ, ಫ್ರೀವೇ ಟ್ರಾಫಿಕ್ಕಿಗೆ ಒಂದಿಷ್ಟು ಬೈಗುಳ. ನಿಸರ್ಗಾ ಹೂಂಗುಟ್ಟುತ್ತ ಕೂರುವಳು. ಮಿಕ್ಕ ದಿನ ಮನೆಯಿಂದಲೇ ಆಫೀಸು. ಮಂಡ್ಯದಿಂದ ಅಮ್ಮ ಫೋನ್ ಮಾಡಿದಾಗ ಚೆನ್ನಾಗಿದೀನಿ ಅನ್ನುವುದು ಬಿಟ್ಟರೆ ಬಾಯಿಗೆ ಕೆಲಸವಿಲ್ಲ.

ಕಳೆದ ವಾರ ಹಾಳೆಗಳು ಮಾಸಿ ಬಂದವು. ಆರತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನಕ್ಕಿದ್ದಳು.

"ಇದೇನ ನಿಸರ್ಗಾ, ನಿನ್ನ ಪ್ರಿಂಟರೂ ನಿನ್ನಂಗ ಪಿಸುಮಾತ ಆಡಾಕತ್ತೈತಲ್ಲ."

ಇನ್ನು ಶಶಿಧರನೇ ಆಫೀಸಿನಲ್ಲಿ ತೆಗೆದುಕೊಡುತ್ತಾನೆ, ನಿನಗ್ಯಾಕೆ ತೊಂದರೆ ಎಂದೂ ಹೇಳಿದ್ದಳು. ತೊಂದರೆ ಏನಿಲ್ಲ ಅನ್ನಲು ನಿಸರ್ಗಾ ಬಾಯಿ ತೆರೆಯುವಷ್ಟರಲ್ಲಿ ಲಿಫ್ಟು ಇಳಿದುಹೋಗಿತ್ತು.

ಪ್ರಿಂಟರ್ ಹಳೇ ಮಾಡೆಲ್ಲು. ಹೊಸ ಕಾರ್ಟ್ರಿಜ್ ಎಲ್ಲೂ ಸಿಗಲಿಲ್ಲ, ಹಳೆಯದಕ್ಕೇ ತುಂಬುವ ಟೋನರ್ ಶಾಯಿಪುಡಿಯ ಬಾಟಲಿ ಸಿಕ್ಕಿತು. ಭಾನುವಾರ ಬೆಳಗ್ಗೆ ಗ್ರೋಸರಿಯ ಕಾಗದದ ಚೀಲಗಳನ್ನು ಕತ್ತರಿಸಿ ಅಡುಗೆಮನೆಯ ನೆಲಕ್ಕೆ ಹಾಸಿ, ಮೂಗಿಗೆ ಮಾಸ್ಕು ಕಟ್ಟಿ ಕೂತಳು. ಕಾರ್ಟ್ರಿಜ್ಜಿನಲ್ಲಿ ಅಕ್ಷರ ಮೂಡಿಸುವ ಹಸಿರು ಉರುಳೆಗೆ ಬೆಳಕು ತಾಗಬಾರದೆಂದು ದುಪಟ್ಟಾ ಸುತ್ತಿದಳು. ಪಕ್ಕದ ಬಿರಡೆ ಎಬ್ಬಿಸಿ, ಆಲಿಕೆ ಇಟ್ಟು ಪುಡಿ ಸುರಿದಳು. ರಾಗಿಹಿಟ್ಟಿಗಿಂತ ನಯ, ನೀರಿನ ಹಾಗೆ ಹರಿಯಿತು. ಬಿರಡೆ ಒತ್ತಿ, ಮಗುವನ್ನು ತೂಗುವಂತೆ ಅತ್ತಿತ್ತ ತೂಗಿದಳು. ಕೈಗೆ ಚೆಲ್ಲಿದ್ದು ಚಿಟಿಕೆಯಷ್ಟೇ. ಎಣ್ಣೆಜಿಡ್ಡಿನ ಹಾಗೆ ಹೋದೀತೆಂದು ಬಿಸಿನೀರು ಬಿಟ್ಟು ತೊಳೆದಳು ನೋಡಿ, ಬೆರಳಿಗೆ ಅಂಟಿಕೊಂಡೇ ಕೂತಿತು. ತಣ್ಣೀರಲ್ಲಿ ತೊಳೆಯಬೇಕಂತೆ, ಬಾಟಲಿಯ ಹಿಂದೆ ಬರೆದಿತ್ತು.

ಮೊದಲ ಹಾಳೆಯ ಅಂಚಿಗೆ ಕಪ್ಪು ಗೆರೆ ಬಿತ್ತು. ಆಮೇಲಿನದು ಚೊಕ್ಕ. ಅ, ಆ, ಇ, ಈ, ಕಾಡಿಗೆ ತೀಡಿದಂತೆ. ಒಬ್ಬಳೇ ನಕ್ಕು, ಚಹಾಕ್ಕೆ ಎರಡು ಲೋಟ ನೀರಿಟ್ಟಳು.

ಮೊಬೈಲು ಮಿಣುಕಿತು. ಶಶಿ ಹಾಳೆ ತಂದುಕೊಟ್ಟಿದ್ದಾನೆ, ನೇರ ಕ್ಲಾಸಿಗೆ ಹೋಗುತ್ತೇನೆ, ಮತ್ತೆ ಯಾವಾಗಲಾದರೂ ಸಿಗೋಣ ಎಂದು ಆರತಿಯ ಮೆಸೇಜು.

ಸರಿ ಅಕ್ಕ, ಎಂದು ಟೈಪ್ ಮಾಡಿದಳು. ಅಳಿಸಿದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ತಾನಾಗಿ ಯಾರಿಗೂ ಫೋನ್ ಮಾಡಿ ಗೊತ್ತಿಲ್ಲದವಳು, ಕಪ್ಪು ಬೆರಳಿನಿಂದ ಆರತಿಯ ನಂಬರು ಒತ್ತಿದಳು.

ಆರತಿ ಕಾರಿನಲ್ಲಿದ್ದಳು. ಫೋನ್ ಮಾಡದ ಹುಡುಗಿ ಮಾಡಿದಳೆಂದು ಗಾಬರಿಯಾಗಿ, ಮೈಗೆ ಹುಷಾರಿದೆಯಾ ಎಂದು ಕೇಳಿದಳು. ಅಂಥದ್ದೇನಿಲ್ಲ, ಪ್ರಿಂಟರಿಗೆ ನಾನೇ ಪುಡಿ ತುಂಬಿದೆ, ಸರಿಹೋಯ್ತು ಎಂದಳು ನಿಸರ್ಗಾ.

"ಭಾರೀ ಶಾಣ್ಯಾಕಿ ಬಿಡು. ಆದರ ಈಗ ಹಾಳಿ ಅದಾವಲ್ಲ."

ಹೌದಲ್ವಾ, ಇಡ್ತೀನಿ ಅಕ್ಕ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಸರ್ಗಾ ಅದನ್ನು ನುಂಗಿಕೊಂಡಳು.

"ಹಾಳೆಗಲ್ಲ ಅಕ್ಕ. ನೀವು ಬರದೇ ಹೋದ್ರೆ ನನಗೆ ಮಾತಾಡೋಕೆ ಯಾರೂ ಇಲ್ಲ."