ನಿಮಿಷಕ್ಕೆ ಎಪ್ಪತ್ತೆರಡು ಪದ

ಬೆಟ್ಟಸೀಮೆ ನಾರಿನ್ ಕಡೆಯ ಆ ಊರಿನ ಶಾಲೆಯಲ್ಲಿ ಟೀಚರ್ ಸಾಯ್ರಾಕಾನಳ ಕೈಗಡಿಯಾರಕ್ಕೆ ಹೆದರದ ಮಗುವಿರಲಿಲ್ಲ. ತಿಂಗಳಿಗೊಮ್ಮೆ ಎರಡನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಮೇಜಿನ ಬಳಿ ನಿಲ್ಲಿಸಿ ಪಾಠ ಓದಿಸುತ್ತಿದ್ದಳು. ನಿಮಿಷಕ್ಕೆ ಎಷ್ಟು ಪದ ಓದಿದರೆಂದು ಗೋಡೆಯ ಪಟ್ಟಿಯಲ್ಲಿ ಬರೆಯುತ್ತಿದ್ದಳು. ಓದಿದ್ದು ತಲೆಗೆ ಹೋಯಿತೇ ಎಂದು ಕೇಳುವ ಗೋಜಿಗೆ ಆ ಪಟ್ಟಿ ಹೋಗುತ್ತಿರಲಿಲ್ಲ. ಪರೀಕ್ಷೆಗೆ ಯಾವ ಪಾಠ ಎಂಬುದನ್ನೂ ವಾರ ಮೊದಲೇ ಹೇಳಿಬಿಡುವುದು ರೂಢಿ. ಮನೆಯಲ್ಲಿ ಓದಿಕೊಂಡು ಬಂದರೆ ಅಂಕಿ ಏರುತ್ತದೆ, ಇನ್‌ಸ್ಪೆಕ್ಟರರ ಮುಂದೆ ಶಾಲೆಯ ಮಾನ ಉಳಿಯುತ್ತದೆ.

ಪಟ್ಟಿಯ ತುದಿಯಲ್ಲಿದ್ದವಳು ಕಂಚಾಯಿಮ್. ಎಪ್ಪತ್ತೆರಡು ಪದ! ತಾಯಿ ಜಿಪಾರ್ ದೂರದ ರಾಜಧಾನಿ ಬಿಷ್ಕೆಕ್‌ನಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಹುಡುಗಿ ಇಲ್ಲಿ ಅಜ್ಜಿ ಉಮ್ಸುನಾಯಳ ಜೊತೆ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು.

ವಸಂತದ ಒಂದು ಸೋಮವಾರ ಶಾಲೆ ಬಿಟ್ಟ ಮೇಲೆ ಕಂಚಾಯಿಮ್ ಮೇಜಿನ ಬಳಿ ಬಂದಳು. ಕೈಯಲ್ಲಿ ಒಂದು ಲಕೋಟೆ.

"ಎಜೆ, ಅಮ್ಮ ವ್ಯಾನಿನವರ ಹತ್ರ ಕಾಗದ ಕಳ್ಸಿದಾಳೆ. ಓದಿ ಹೇಳ್ತೀರಾ?" ಟೀಚರನ್ನು ಅಲ್ಲಿ ಮಕ್ಕಳೆಲ್ಲ ಕರೆಯುವುದು ಹಾಗೇ, ಎಜೆ, ಅಂದರೆ ಅಕ್ಕ ಎಂದು.

ಮಾರನೆಯ ದಿನ ಇನ್‌ಸ್ಪೆಕ್ಟರರು ಬರುವವರಿದ್ದರು. ಸಾಯ್ರಾಕಾನ್ ತಲೆಯೆತ್ತದೆ ನಕ್ಕಳು. "ಅಯ್ಯೋ ನಿನ್ನ! ಕ್ಲಾಸಿಗೇ ಮೊದಲು ಬಂದೋಳು ನನ್ನ ಹತ್ರ ಓದಿಸ್ಕೋತೀಯಾ? ಹೋಗು, ಅಜ್ಜಿಗೆ ನೀನೇ ಓದಿ ಹೇಳು. ಅವರೂ ಖುಷಿ ಪಡ್ಲಿ."

ಹುಡುಗಿ ಲಕೋಟೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ ಹೋದಳು. ಮರುದಿನ "ಓದಿದೆಯಾ?" ಎಂದು ಕೇಳಿದಾಗ ಹೂಂ ಎಂದು ತಲೆಯಾಡಿಸಿದಳು.

ಶನಿವಾರ ಜಿಪಾರಳ ಶವ ಊರಿಗೆ ಬಂತು. ಆಪರೇಷನ್ ಟೇಬಲಿನ ಮೇಲೇ ಹೋದಳಂತೆ. ಅವಳಿಗೆ ಕಾಯಿಲೆಯಿತ್ತೆಂಬುದೇ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾವಿನ ಮನೆಯ ರೂಢಿಯಂತೆ ಅಂಗಳದಲ್ಲಿ ಕಂಬಳಿ ಗುಡಾರ ಎದ್ದಿತು. ಹೆಂಗಸರು ಒಳಗೆ ಕೂತು ಸತ್ತವಳನ್ನು ಹಾಡಿ ಹಾಡಿ ಅತ್ತರು. ಸಾಯ್ರಾಕಾನ್ ಹೋಗಿ ಕೂತಾಗ ಉಮ್ಸುನಾಯ್ ಅಂಗಿಯೊಳಗಿಂದ ಕಾಗದ ತೆಗೆದು ಅವಳ ಕೈಗಿಟ್ಟಳು.

"ಎಲ್ರಿಗೂ ಕೇಳೋ ಹಾಗೆ ಓದಮ್ಮ. ನನ್ನ ಮಗಳ ಕಡೇ ಮಾತು. ಮಗು ಓದಿ ಹೇಳಿದ್ಲು, ಎಷ್ಟು ಚೆಂದ ಬರ್ದಿದ್ದಾಳೆ ಗೊತ್ತಾ! ಆರೋಗ್ಯವಾಗಿದೀನಿ, ಸೇಬಿನ ಮರ ಹೂ ಬಿಟ್ಟಿದೆ ಅಂತೆಲ್ಲ. ಪಾಪ, ನಮ್ಗೆ ನೋವಾಗ್ಬಾರ್ದು ಅಂತ ಕಾಯಿಲೆ ಮುಚ್ಚಿಟ್ಟಿದ್ಲು."

ಸೇಬಿನ ಮರ ಹೂ ಬಿಟ್ಟಿದ್ದು ಎರಡನೇ ತರಗತಿಯ ಪುಸ್ತಕದಲ್ಲಿ. 'ತಾಯಿಯ ಪತ್ರ' ಎಂಬ ಪಾಠ. ಹೋದ ತಿಂಗಳು ಗಡಿಯಾರ ಹಿಡಿದು ಓದಿಸಿದ್ದು. ಸಾಯ್ರಾಕಾನ್ ಕಾಗದ ಬಿಡಿಸಿದಳು.

'ಅಮ್ಮಾ, ಶುಕ್ರವಾರ ಆಪರೇಷನ್. ಗುರುವಾರದೊಳಗೆ ಕಂಚಾಯಿಮ್‌ಳನ್ನು ಕರೆದುಕೊಂಡು ಬಾ. ಅವಳನ್ನೊಮ್ಮೆ ನೋಡಬೇಕು. ಭಯವಾಗುತ್ತಿದೆ.'

ಹೆಂಗಸರೆಲ್ಲ ಅವಳತ್ತ ತಿರುಗಿ ಕೂತಿದ್ದರು. ಬಾಗಿಲ ಬಳಿ ಕಂಚಾಯಿಮ್ ಬಿಳಿಚಿಕೊಂಡು ನಿಂತಿದ್ದಳು.

ಸಾಯ್ರಾಕಾನ್ ಕಾಗದದ ಮೇಲೆ ಕಣ್ಣಿಟ್ಟು ಓದತೊಡಗಿದಳು: "ಪ್ರೀತಿಯ ಮಗಳೇ, ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಸೇಬಿನ ಮರಗಳು ಹೂ ಬಿಟ್ಟಿವೆ..." ಪಾಠ ಮುಗಿಯುವವರೆಗೂ ಹೇಳಿದಳು. ಹೆಂಗಸರು ಮತ್ತೆ ಅತ್ತರು.

"ಕೇಳಿದ್ರೇನ್ರೇ? ಒಂದಕ್ಷರ ಆಚೀಚೆ ಇಲ್ಲ!" ಉಮ್ಸುನಾಯ್ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡಳು. "ಎಂಥಾ ಓದು ಕಲ್ಸಿದೀಯ ತಾಯಿ!" ಎಂದು ಕಾಗದವನ್ನು ಮತ್ತೆ ಎದೆಗೆ ಸೇರಿಸಿದಳು.

ಆ ಮಾತು ಸಾಯ್ರಾಕಾನಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹೊರಗೆ ಬಂದರೆ ಕಂಚಾಯಿಮ್ ಹಿಂದೆಯೇ ಓಡಿಬಂದು ಕೋಟಿನ ಚುಂಗು ಹಿಡಿದಳು.

"ಎಜೆ, ನೀವು ಹೇಳಿದ್ದು ಪಾಠ. ಅಮ್ಮ ನಿಜ್ವಾಗ್ಲೂ ಏನ್ ಬರ್ದಿದ್ಲು?"

ಸಾಯ್ರಾಕಾನ್ ಗುಡಾರದ ಕಡೆ ತಿರುಗಿ ನೋಡಿದಳು.

"ನಂಗೆ ಓದಕ್ಕೆ ಬರಲ್ಲ ಎಜೆ. ಪಕ್ಕದ್ಮನೆ ಅಕ್ಕ ಎರಡು ಸಲ ಓದಿದ್ರೆ ಬಾಯಿಗೆ ಬಂದ್ಬಿಡುತ್ತೆ, ಅಷ್ಟೇ." ಹುಡುಗಿ ಬಿಕ್ಕಿದಳು. "ನಾಳೆಯಿಂದ ಹೇಳ್ಕೊಡಿ. ಬೇಗ ಕಲೀತೀನಿ. ಆ ಕಾಗದ ನಾನೇ ಓದ್ಬೇಕು."