ಹಿಮದ ಬೆಳಗಿಗೆ ಬಾಯಿ ಬಿಡದ ಬ್ಯಾಟರಿ

"ದೋನ್ ಎರಾಸ್ಮೊ ಅವರಿಗೊಂದು ಸುದ್ದಿ. ನಿಮ್ಮ ಅತ್ತೆ ಗುರುವಾರದ ಲಾರಿಗೆ ಬರ್ತಿದಾರೆ. ಸೇತುವೆ ಹತ್ರ ನೀವು..."

ಅಷ್ಟರಲ್ಲಿ ಬಲ್ಬು ಆರಿತು, ಮೈಕೂ ಸತ್ತಿತು. ಬೆಳಗಿನ ಜಾವ, ಕಿಟಕಿಯಾಚೆ ಇನ್ನೂ ಕತ್ತಲು. ಸೆನೋಬಿಯಾ ಚೀಟಿಯನ್ನು ಅದಾಗಲೇ ಕಣ್ಣಲ್ಲಿ ಓದಿ ಮುಗಿಸಿದ್ದರಿಂದ ಬಾಯಿ ತನ್ನ ಪಾಡಿಗೆ ತಾನು ಮುಂದುವರಿಯಿತು: "...ಕಾಯೋದು ಬೇಡ, ಶಾಲೆ ಮುಂದೆ ಇಳೀತಾರಂತೆ." ಆ ಕೊನೆಯ ಮಾತನ್ನು ಕೇಳಿದ್ದು ರೇಡಿಯೊ ಕೋಣೆಯ ಮಣ್ಣಿನ ಗೋಡೆಗಳು ಮಾತ್ರ.

ಗುರುವಾರ ಎರಾಸ್ಮೊ ಸೇತುವೆಯ ಹತ್ತಿರ ಮಧ್ಯಾಹ್ನದವರೆಗೆ ಗಾಳಿಗೆ ಮೈಯೊಡ್ಡಿ ನಿಂತ. ಅವನ ಅತ್ತೆ ಶಾಲೆಯ ಮುಂದೆ ಉಪ್ಪಿನ ಮೂಟೆಯ ಮೇಲೆ ಕುಳಿತು ಅಳಿಯನ ವಂಶವನ್ನೆಲ್ಲ ನೆನೆಸಿಕೊಂಡಳು. ಎರಾಸ್ಮೊ ಆ ವರ್ಷದ ಊರ ಯಜಮಾನ. ವಿಲಾಕೊಲ್ಯುವಿನಲ್ಲಿ ಯಜಮಾನಿಕೆ ವರ್ಷಕ್ಕೊಂದು ಮನೆಯ ಸರದಿ. ಯಜಮಾನಿಕೆಯ ಗುರುತಾದ ಚಾಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವವನನ್ನು ಯಾರೂ ಕಾಯಿಸುವುದಿಲ್ಲ.

ಸಂಜೆ ಅವನು ರೇಡಿಯೊ ಕೋಣೆಯ ಬಾಗಿಲಿಗೆ ಬಂದ. "ದೋನ್ಯಾ ಸೆನೋಬಿಯಾ, ನಿಮ್ಮ ಹೊಸ ಬ್ಯಾಟರಿ ನನ್ನ ಮರ್ಯಾದೆ ಪೂರ್ತಿ ಕುಡಿದುಬಿಡ್ತು."

"ತಪ್ಪಾಯ್ತು ದೋನ್ ಎರಾಸ್ಮೊ. ಮಾತಿನ ಮಧ್ಯದಲ್ಲೇ ಹೋಯ್ತು."

"ಈ ತಿಂಗಳಲ್ಲಿ ಎಷ್ಟನೇ ಸಲ? ಭಾನುವಾರ ಸಭೆ ಇದೆ. ಇದನ್ನ ವಾಪಸ್ ಕಳಿಸಿ ಹಳೇದನ್ನೇ ಜೋಡಿಸೋಣ ಅಂತ ನಾನೇ ಎದ್ದು ಹೇಳ್ತೀನಿ. ಹಳೇದು ಸಂಜೆ ಹೊತ್ತಿಗೆ ಸಾಕು. ಬೆಳಗಿನ ಹೊತ್ತು ಜನ ಮಲಗಲಿ ಬಿಡಿ."

ಬೆಳಗಿನ ಹೊತ್ತು ಎಂದರೆ ಸೆನೋಬಿಯಾಳೇ. ಹೆಂಗಸರು ಒಲೆಗೆ ಒಣಗಿದ ಲಾಮಾ ಲದ್ದಿ ತುರುಕಿ ಊದುವಾಗ, ಗಂಡಸರು ಕುರಿದೊಡ್ಡಿಯ ಬಾಯಿಗಿಟ್ಟ ಕಲ್ಲು ಸರಿಸುವಾಗ, ಹನ್ನೊಂದು ವರ್ಷಗಳಿಂದ ಕೇಳುತ್ತಿದ್ದದ್ದು ಅವಳ ದನಿ. ಯಾರ ಕುರಿ ತಪ್ಪಿಸಿಕೊಂಡಿದೆ, ಯಾರಿಗೆ ಹೆರಿಗೆಯಾಯಿತು, ಯಾವ ಸಂತೆಗೆ ಲಾರಿ ಹೊರಡುತ್ತದೆ, ಎಲ್ಲವೂ ಅವಳ ಬಾಯಿಂದಲೇ. ಲಿಥಿಯಂ ಬ್ಯಾಟರಿ ತರೋಣ ಎಂದು ಸಭೆಯನ್ನು ಒಪ್ಪಿಸಿದವಳೂ ಅವಳೇ. ಭಾನುವಾರ ಅದು ಹೋದರೆ ಅವಳ ಬೆಳಗೂ ಅದರ ಹಿಂದೆಯೇ ಹೋದಂತೆ.

ಹಳೆಯ ಸೀಸದ ಬ್ಯಾಟರಿಗಳು ಸಾಯುವ ಮುಂಚೆ ಹೇಳಿ ಸಾಯುತ್ತಿದ್ದವು. ಬಲ್ಬು ಮೊದಲು ಹಳದಿಗೆ ತಿರುಗುತ್ತಿತ್ತು, ಆಮೇಲೆ ಕೆಂಪಗೆ. ಹಳದಿ ಕಂಡಕೂಡಲೇ ಸೆನೋಬಿಯಾ ಹಾಡು ಬಿಟ್ಟು ಸುದ್ದಿಗೆ ಬರುತ್ತಿದ್ದಳು. ಕೆಂಪಗಾದರೆ ಹೆಸರುಗಳನ್ನಷ್ಟೇ ಓದುತ್ತಿದ್ದಳು. ಹೊಸದಕ್ಕೆ ಅಂಥ ಸೌಜನ್ಯ ಇರಲಿಲ್ಲ. ಕೊನೆಯ ಹನಿಯವರೆಗೂ ಬೆಳ್ಳಗೆ ಉರಿದು, ಬಾಗಿಲು ಬಡಿದಂತೆ ನಿಂತುಬಿಡುತ್ತಿತ್ತು. ಆದರೆ ಹಾಗೆ ನಿಲ್ಲುವುದು ಖಾಲಿಯಾದಾಗ ಮಾತ್ರ, ಅದು ಅವಳಿಗೆ ಗೊತ್ತಿತ್ತು. ಮಾರ್ಚ್‌ನಲ್ಲಿ ತಂದಾಗ ಒಂದು ದಿನವೂ ಖಾಲಿಯಾಗದ್ದು ಜೂನ್‌ನಲ್ಲಿ ಏಕೆ ಖಾಲಿಯಾಗುತ್ತಿದೆ ಎಂಬುದು ಗೊತ್ತಿರಲಿಲ್ಲ.

ಅದನ್ನು ಕೂರಿಸಿದ ರೆಂಬೆರ್ತೊ ಎರಡು ಸಲ ಒರೂರೊ ಪಟ್ಟಣದಿಂದ ಬಂದು ನೋಡಿದ್ದ. ಲಾರಿ ಊರು ತಲುಪುವುದೇ ನಡುಮಧ್ಯಾಹ್ನ. ಅವನು ಬ್ಯಾಟರಿಮನೆಯ ಬಾಗಿಲು ತೆಗೆದಾಗಲೆಲ್ಲ ಗೋಡೆಯ ಮೇಲಿನ ಡಬ್ಬದಲ್ಲಿ ಹಸಿರು ದೀಪ ಮಿನುಗುತ್ತಿರುತ್ತಿತ್ತು: ಬಿಸಿಲು ಒಳಗೆ ಬರುತ್ತಿದೆ, ಬ್ಯಾಟರಿ ತುಂಬಿಕೊಳ್ಳುತ್ತಿದೆ.

"ಎಲ್ಲಾ ಸರಿಯಾಗಿದೆಯಲ್ಲ ದೋನ್ಯಾ," ಎಂದಿದ್ದ ಅವನು ಎರಡನೆಯ ಸಲ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲ ದಿನ ಇದಕ್ಕೆ ಸಾರಾಯಿ ಎರೆದ್ರಲ್ಲ, ಎಷ್ಟು ಎರೆದ್ರಿ?"

"ನಾಲ್ಕು ಮೂಲೆಗೆ ನಾಲ್ಕು ಹನಿ. ಭೂಮಿತಾಯಿ ಪಚಮಾಮಂಗೆ ಕೊಡದೆ ಹೊಸ ಸಾಮಾನು ಮುಟ್ಟೋಕಾಗುತ್ತಾ?"

"ನಾಲ್ಕೇ ಹನೀನಾ?"

"ಉಳಿದಿದ್ದನ್ನ ನೀವೇ ತಾನೆ ಕುಡಿದಿದ್ದು, ಎಂಜಿನಿಯರ್ರೇ."

ರೆಂಬೆರ್ತೊ ಸಲಕರಣೆ ಚೀಲ ಹೆಗಲಿಗೇರಿಸಿ ಲಾರಿ ಹತ್ತಿದ. ಎರಾಸ್ಮೊ ಮಾತ್ರ ನಾಲ್ಕು ಹನಿ ಕಡಿಮೆಯಾಯಿತು ಎಂದೇ ಊರೆಲ್ಲ ಹೇಳಿಕೊಂಡು ಬಂದಿದ್ದ.

ಮಧ್ಯಾಹ್ನ ಸರಿಯಿದ್ದದ್ದು ಬೆಳಿಗ್ಗೆ ಹೇಗಿರುತ್ತದೆ? ಶುಕ್ರವಾರ ಬಿಸಿಲು ಸೌರಫಲಕಗಳ ಮೇಲೆ ಬೀಳುತ್ತಿದ್ದಂತೆಯೇ ಸೆನೋಬಿಯಾ ಬ್ಯಾಟರಿಮನೆಗೆ ಹೋದಳು. ಅದು ರೇಡಿಯೊ ಕೋಣೆಯಿಂದ ದೂರ, ಒಂಟಿಯಾಗಿ ಕಟ್ಟಿದ ಕಲ್ಲಿನ ಗೂಡು. ಎದುರುಬದುರು ಎರಡು ಕಿಟಕಿ, ಎರಡಕ್ಕೂ ಗಾಜಿಲ್ಲ. ಸೀಸದ ಬ್ಯಾಟರಿ ಬಿಡುವ ಹೊಗೆ ಒಳಗೆ ನಿಲ್ಲಬಾರದೆಂದು ಬೇಕೆಂದೇ ಹಾಗೆ ಬಿಟ್ಟದ್ದು. ಬಾಗಿಲ ಮೇಲೆ ಕೆಂಪು ಬಣ್ಣದ ಅಕ್ಷರ ಸೆನೋಬಿಯಾಳದೇ: ಬೆಂಕಿ ಬೇಡ, ಮಕ್ಕಳು ಬೇಡ, ಊಟ ಬೇಡ. ಆಸಿಡ್ ತೂತು ಮಾಡಿದ ಲಂಗಗಳು ಅವಳ ಪೆಟ್ಟಿಗೆಯಲ್ಲಿ ಇನ್ನೂ ಇದ್ದವು.

ಡಬ್ಬದ ಹಸಿರು ದೀಪ ಆರಿತ್ತು. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು, ಒಳಗೆ ಏನೂ ಇಲ್ಲ. ಅವಳು ತಂತಿಗಳನ್ನು ಮುಟ್ಟಿ ನೋಡಿದಳು, ಫಲಕಗಳ ಧೂಳು ಒರೆಸಿದಳು. ಬಿಸಿಲು ಏರಿತು. ದೀಪ ಮಿನುಗಿದ್ದು ಊಟದ ಹೊತ್ತಿಗೆ. ಮೂರು ಗಂಟೆಗೆಲ್ಲ ಪಡುವಣ ಗುಡ್ಡದ ನೆರಳು ಫಲಕಗಳ ಮೇಲೆ ಬಿದ್ದಾಗಿತ್ತು. ಅಂದರೆ ಇಡೀ ದಿನದ ಬಿಸಿಲಲ್ಲಿ ಬ್ಯಾಟರಿ ತಿಂದದ್ದು ಎರಡು ತುತ್ತು.

ಪಕ್ಕದ ಅಂಗಳದಲ್ಲಿ ಅವಳ ಅತ್ತಿಗೆ ಫೋರ್ತುನಾತಾ ಹುಲ್ಲಿನ ಮೇಲೆ ಹರಡಿದ ಆಲೂಗಡ್ಡೆಗಳನ್ನು ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಿದ್ದಳು. ಇಲ್ಲಿ ಜೂನ್ ಎಂದರೆ ನಡುಚಳಿಗಾಲ; ರಾತ್ರಿ ಹಿಮಕ್ಕೆ ಹೆಪ್ಪುಗಟ್ಟಿಸಿ, ಹಗಲು ತುಳಿದು ಒಣಗಿಸಿದರೆ ಚುನ್ಯೊ ಆಗುತ್ತದೆ. ಮಾಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

"ಈ ಸಲ ಚುನ್ಯೊ ಹೆಂಗೆ ಅತ್ತಿಗೆ?"

"ಏನು ಕೇಳ್ತೀಯಾ, ಬಂಗಾರ! ದಿನಾ ರಾತ್ರಿ ಆಕಾಶ ತೊಳೆದಿಟ್ಟಂಗಿದೆ. ಆಲೂಗಡ್ಡೆ ಕಲ್ಲಾಗ್ತಿದಾವೆ. ಸೋಮವಾರ ಒಂದಿನ ಮಾತ್ರ ಮೋಡ ಮುಚ್ಕೊಂಡು, ಚಳಿ ಬೀಳದೆ ಮೋಸ ಮಾಡ್ತು. ಅವತ್ತು ಮೆತ್ತಗೇ ಉಳ್ಕೊಂಡ್ವು."

ಸೆನೋಬಿಯಾ ಹೊರಟವಳು ನಿಂತಳು. ಸೋಮವಾರ ರಾತ್ರಿ ಮೋಡ. ಬುಧವಾರ ಬೆಳಿಗ್ಗೆ ರೇಡಿಯೊ ಕೊನೆಯತನಕ ಓಡಿತ್ತು, ಈ ವಾರದಲ್ಲಿ ಅದೊಂದೇ ದಿನ. ಅಂದರೆ ಮಂಗಳವಾರ ಹಗಲು ಬ್ಯಾಟರಿ ಹೊಟ್ಟೆ ತುಂಬ ತಿಂದಿರಬೇಕು.

"ಅದಕ್ಕಿಂತ ಮುಂಚೆ ಯಾವಾಗ ಕೆಟ್ಟಿತ್ತು ಚುನ್ಯೊ?"

"ಸಂತ ಅಂತೋನಿಯೊ ಹಬ್ಬದ ರಾತ್ರಿ. ಅವತ್ತೂ ಮೋಡ. ಯಾಕೆ, ನಿನ್ನ ರೇಡಿಯೊದಲ್ಲಿ ಹೇಳ್ತೀಯಾ?"

ಸಂತ ಅಂತೋನಿಯೊ ಹಬ್ಬ ಕಳೆದ ಎರಡನೆಯ ಬೆಳಿಗ್ಗೆಯೂ ಬ್ಯಾಟರಿ ಕೈಕೊಟ್ಟಿರಲಿಲ್ಲ. ಹಬ್ಬದಲ್ಲಿ ಕುಡಿದು ಮಲಗಿ ಇನ್ನೂ ಎದ್ದಿರದವರನ್ನು ಅವತ್ತು ಹೆಸರು ಹಿಡಿದು ಕರೆದು ಎಬ್ಬಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅತ್ತಿಗೆಯ ಆಲೂಗಡ್ಡೆಗೆ ಒಳ್ಳೆಯ ರಾತ್ರಿ ಬ್ಯಾಟರಿಗೆ ಕೆಟ್ಟದ್ದು. ಅವಳು ಹಿಂದಿರುಗಿ ಕಲ್ಲುಗೂಡಿನ ಕಿಟಕಿಗಳನ್ನು ನೋಡಿದಳು.

ಚಳಿ ಎಂದರೆ ಕಂಬಳಿ. ಶನಿವಾರ ಹೊತ್ತು ಹುಟ್ಟುವ ಮುಂಚೆ ಅವಳು ಲಾಮಾ ಉಣ್ಣೆಯ ಎರಡು ಕಂಬಳಿಗಳನ್ನು ಒಯ್ದು ಬ್ಯಾಟರಿಗೆ ಸುತ್ತಿ, ಬಾಣಂತಿಗೆ ಕಟ್ಟುವಂತೆ ಹಗ್ಗ ಬಿಗಿದಳು. ಊಟದ ಹೊತ್ತಾಯಿತು, ದೀಪ ಇಲ್ಲ. ಬಿಸಿಲು ಇಳಿಯತೊಡಗಿತು, ಆಗಲೂ ಇಲ್ಲ. ದಿನಕ್ಕೆ ಎರಡು ತುತ್ತಾದರೂ ತಿನ್ನುತ್ತಿದ್ದದ್ದು ಈಗ ಬಾಯನ್ನೇ ಬಿಡಲೊಲ್ಲದು.

ಕಂಬಳಿಯೊಳಗೆ ಕೈ ಹಾಕಿದಳು. ಒಳಗೆ ಮಂಜುಗಡ್ಡೆಯಂಥ ಥಂಡಿ. ಫೋರ್ತುನಾತಾ ಹೆಪ್ಪುಗಟ್ಟಿದ ಆಲೂಗಡ್ಡೆ ಬೇಗ ಕರಗದಿರಲಿ ಎಂದು ಅದರ ಮೇಲೆ ಹುಲ್ಲು ಮುಚ್ಚುವುದು ಆಗ ಅವಳ ತಲೆಗೆ ಹೊಳೆಯಿತು. ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಒಳಗೆ ಏನಿದೆಯೋ ಅದನ್ನೇ ಕಾಯುತ್ತದೆ. ಅವಳು ಕಾಪಾಡಿದ್ದು ರಾತ್ರಿಯ ಚಳಿಯನ್ನು. ಕಂಬಳಿ ಬಿಚ್ಚಿ ಎಸೆದು, ಫೋನು ಹಿಡಿದು ಸಿಗ್ನಲ್ ಸಿಗುವ ಗುಡ್ಡ ಹತ್ತಿದಳು.

"ಎಂಜಿನಿಯರ್ರೇ, ಒಂದು ಮಾತು. ಈ ಬ್ಯಾಟರಿಗೆ ಚಳಿ ಆಗುತ್ತಾ?"

ಆ ಕಡೆ ರೆಂಬೆರ್ತೊ ಏನೋ ಅಗಿಯುತ್ತಿದ್ದ. "ಚಳೀನಾ? ಕೊಡೋದಕ್ಕೆ ಏನೂ ತೊಂದರೆ ಇಲ್ಲ ದೋನ್ಯಾ..." ಅಗಿಯುವ ಸದ್ದು ನಿಂತಿತು. "ತುಂಬಿಸೋದಕ್ಕೆ ಆಗುತ್ತೆ. ನೀರು ಹೆಪ್ಪುಗಟ್ಟೋ ಚಳಿಯಲ್ಲಿ ತುಂಬಿಸಿದ್ರೆ ಒಳಗಡೆ ಲಿಥಿಯಂ ಎಲ್ಲೆಂದರಲ್ಲಿ ಲೋಹವಾಗಿ ಕೂತ್ಕೊಂಡು ಬ್ಯಾಟರಿ ಹಾಳಾಗುತ್ತೆ. ಅದಕ್ಕೇ ಅದರೊಳಗೆ ಒಬ್ಬ ಕಾವಲುಗಾರ ಇದಾನೆ. ಸೊನ್ನೆಗಿಂತ ಕೆಳಗೆ ಹೋದ್ರೆ ಬಾಗಿಲು ಹಾಕ್ಬಿಡ್ತಾನೆ. ಕೊಡುತ್ತೆ, ತಗೊಳ್ಳಲ್ಲ."

"ಇದನ್ನ ಮೊದಲೇ ಹೇಳ್ಬಾರದಿತ್ತಾ?"

"ನಾನು ಬಂದಾಗೆಲ್ಲ ಮಧ್ಯಾಹ್ನ. ಇದುವರೆಗೆ ಕೂರಿಸಿದ್ದೂ ಎಲ್ಲಾ ಕೆಳಗಿನ ಕಣಿವೆ ಊರುಗಳಲ್ಲಿ, ಕಿತ್ತಳೆ ಬೆಳೆಯೋ ಕಡೆ. ತಪ್ಪು ನಂದೇ ದೋನ್ಯಾ. ಅಲ್ಲಾ, ಆ ಕಿಟಕಿ ಗೂಡಲ್ಲಿ ಯಾಕಿಟ್ಕೊಂಡಿದೀರಾ ಇನ್ನೂ?"

"ಬ್ಯಾಟರೀನ ಬ್ಯಾಟರಿಮನೇಲಿ ಇಡದೆ ಅಡುಗೆಮನೇಲಿ ಇಡ್ತಾರಾ?"

"ಅಡುಗೆಮನೇಲೇ ಇಡಿ."

ಸೆನೋಬಿಯಾ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. "ಆಸಿಡ್? ಹೊಗೆ?"

"ಇದರಲ್ಲಿ ಆಸಿಡ್ಡೂ ಇಲ್ಲ, ಅದರ ಹೊಗೆಯೂ ಇಲ್ಲ. ಒಲೆಗೆ ಅಂಟಿಸಬೇಡಿ, ಅಷ್ಟೇ. ಆಚೆ ಗೋಡೆಗೆ, ಕಲ್ಲಿನ ಮೇಲೆ. ಹಳೇ ದಪ್ಪ ತಂತಿ ಇದೆಯಲ್ಲ, ಅದನ್ನೇ ಎಳೀರಿ. ಎಳೆಯೋ ಮುಂಚೆ ಎಲ್ಲಾ ಆರಿಸಿ. ಜೋಡಿಸೋದು ಹೆಂಗೆ ಅಂತ ಈಗಲೇ ಒಂದೊಂದಾಗಿ ಹೇಳ್ತೀನಿ, ಬರ್ಕೊಳ್ಳಿ."

ರೇಡಿಯೊ ಕೋಣೆಯಲ್ಲಿ ಒಲೆಯಿರಲಿಲ್ಲ. ಹತ್ತಿರದ ಅಡುಗೆಮನೆ ಫೋರ್ತುನಾತಾಳದು. ವಿಷಯ ಕೇಳಿ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಹೋದ ವರ್ಷ ನನ್ನ ಮಗ ರೊಟ್ಟಿ ತಿಂತಾ ಆ ಗೂಡಿಗೆ ಕಾಲಿಟ್ಟ ಅಂತ ಕಿವಿ ಹಿಂಡಿ ಕಳಿಸಿದವಳು ನೀನು. ಈಗ ಆ ವಿಷಾನ ನನ್ನ ಸಾರಿನ ಪಕ್ಕ ಇಡ್ತೀಯಾ?"

"ಅದು ಬೇರೆ ಜಾತಿ ಅತ್ತಿಗೆ. ಇದು ಉಗುಳಲ್ಲ, ನಾರಲ್ಲ. ಚಳಿ ಒಂದು ತಡೆಯಲ್ಲ."

"ನನ್ನ ಕೂಯಿಗಳಿಗೆ ಏನಾದ್ರೂ ಆದ್ರೆ?"

ಅಡುಗೆಮನೆಯ ಹಿಂಗೋಡೆಯ ಕಲ್ಲುಜಗುಲಿಯ ಕೆಳಗೆ ಹತ್ತಾರು ಕೂಯಿಗಳು, ಮೊಲಕ್ಕಿಂತ ಚಿಕ್ಕ, ಬಾಲವಿಲ್ಲದ ಗುಂಡುಪ್ರಾಣಿಗಳು, ಹುಲ್ಲು ಕಡಿಯುತ್ತ ಕುಯ್ ಕುಯ್ ಎನ್ನುತ್ತಿದ್ದವು. ಹಬ್ಬಕ್ಕೆಂದು ಸಾಕಿದವು.

"ಇವನ್ನ ಯಾಕೆ ಒಳಗೆ ಇಟ್ಕೊಂಡಿದೀಯಾ?" ಎಂದಳು ಸೆನೋಬಿಯಾ.

"ಹೊರಗಿಟ್ರೆ ಒಂದೇ ರಾತ್ರೀಲಿ ಸತ್ತೋಗ್ತಾವೆ."

"ಇದೂ ಹಂಗೇ."

ಫೋರ್ತುನಾತಾ ಕೂಯಿಗಳ ಕಡೆ ನೋಡಿದಳು, ನಾದಿನಿಯ ಮುಖ ನೋಡಿದಳು. "ಒಂದೇ ಒಂದು ರಾತ್ರಿ. ಬೆಳಿಗ್ಗೆ ಎಣಿಸ್ತೀನಿ. ಒಂದು ಕಡಿಮೆ ಆದ್ರೂ ನಿನ್ನ ಬ್ಯಾಟರಿ ಹೊಳೆಗೆ."

ಕತ್ತಲಾಗುವುದರೊಳಗೆ ಬ್ಯಾಟರಿ ಜಗುಲಿಯ ಮೇಲೆ ಕುಳಿತಿತ್ತು, ಹಸಿರು ದೀಪದ ಡಬ್ಬ ಅದರ ಮೇಲಿನ ಗೋಡೆಗೇರಿತ್ತು. ಹೊಟ್ಟೆಗಿಲ್ಲದ ಅದನ್ನು ನಂಬಿ ಭಾನುವಾರ ಬೆಳಗಿನ ಜಾವ ರೇಡಿಯೊ ಹಚ್ಚುವಂತಿರಲಿಲ್ಲ. ಸೆನೋಬಿಯಾ ಆ ಬೆಳಗನ್ನು ಮೌನಕ್ಕೆ ಬಿಟ್ಟುಕೊಟ್ಟು, ಬಿಸಿಲಿಗಾಗಿ ಕಾದಳು. ರಾತ್ರಿ ಆಕಾಶ ತೊಳೆದಿಟ್ಟಂತೆಯೇ ಇತ್ತು. ಅಂಗಳದ ಆಲೂಗಡ್ಡೆಗಳು ಒಂದಕ್ಕೊಂದು ತಾಗಿದರೆ ಕಲ್ಲಿನ ಸದ್ದು. ಸಭೆಗೆ ಹೊರಟ ಎರಾಸ್ಮೊ, ರೇಡಿಯೊ ಮೂಕವಾದದ್ದು ಕಂಡು, ನೇರ ಅಡುಗೆಮನೆಗೇ ಬಂದ. ಹೆಗಲ ಚಾಟಿ ತೊಲೆಗೆ ತಾಗದಂತೆ ಬಗ್ಗಿ ಒಳಗೆ ನೋಡಿದ.

"ಇದೇನು, ಬ್ಯಾಟರೀನೂ ಬೇಯಿಸ್ತಿದೀರಾ?"

"ಸುಮ್ನಿರಿ," ಎಂದಳು ಸೆನೋಬಿಯಾ. ಬಿಸಿಲು ಈಗಷ್ಟೇ ಫಲಕಗಳ ಅಂಚಿಗೆ ಬಂದಿತ್ತು. ಅವಳ ಕಣ್ಣು ಗೋಡೆಗೆ ಹೊಡೆದ ಡಬ್ಬದ ಮೇಲೆ. ಎರಾಸ್ಮೊ ಕೂಡ ಅಲ್ಲಿಗೇ ನೋಡಿದ, ಯಾಕೆಂದು ತಿಳಿಯದೆ. ಫೋರ್ತುನಾತಾ ಜಗುಲಿಯ ಕೆಳಗೆ ಬಗ್ಗಿ ಬೆರಳು ಮಡಿಸುತ್ತಿದ್ದಳು.

ಹಸಿರು ದೀಪ ಒಮ್ಮೆ ಮಿನುಗಿತು. ಇನ್ನೊಮ್ಮೆ. ಆಮೇಲೆ ನಿಲ್ಲಲಿಲ್ಲ.

"ಎಲ್ಲಾ ಇದಾವೆ," ಎಂದು ಫೋರ್ತುನಾತಾ ಎದ್ದಳು. "ಒಂದು ಜಾಸ್ತೀನೇ ಇದೆ. ರಾತ್ರಿ ಮರಿ ಹಾಕಿದೆ."

ಎರಾಸ್ಮೊ ಬ್ಯಾಟರಿಯ ಮೇಲೆ ಅಂಗೈ ಇಟ್ಟು ನೋಡಿದ. "ಅಂದ್ರೆ ಸಾರಾಯಿ ಕಡಿಮೆ ಆಗಿರ್ಲಿಲ್ಲ?"

"ಇಲ್ಲ. ಬೆಚ್ಚಗಿನ ಜಾಗ ಕಡಿಮೆ ಆಗಿತ್ತು."

"ನೋಡೋಣ. ದಿನಾ ತುಂಬ್ಕೊಂಡು, ದಿನಾ ಬೆಳಗಾಗೋತನಕ ಓಡ್ಲಿ. ಅಲ್ಲೀತನಕ ಸಭೇಲಿ ನಾನು ಬಾಯಿ ತೆಗೆಯಲ್ಲ." ಬಾಗಿಲಲ್ಲಿ ತಿರುಗಿ ಸೇರಿಸಿದ: "ಓಡಿಲ್ಲ ಅಂದ್ರೆ ತೆಗೀತೀನಿ."

ಸೋಮವಾರ ಬೆಳಗಿನ ಜಾವ ಸೆನೋಬಿಯಾ ಎಲ್ಲ ಚೀಟಿಗಳನ್ನೂ ಓದಿದಳು. ಹಾಡು ಹಾಕಿದಳು. ಅಭ್ಯಾಸಬಲದಿಂದ ಬಲ್ಬಿನ ಕಡೆ ನೋಡುತ್ತಲೇ ಇದ್ದಳು. ಅದು ಬೆಳ್ಳಗೇ ಇತ್ತು. ಚೀಟಿ ಮುಗಿದವು, ಹೊರಗೆ ಇನ್ನೂ ಕತ್ತಲು ಹರಿದಿರಲಿಲ್ಲ. ಈ ಸಲ ಅವಳ ಮಾತು ಬ್ಯಾಟರಿಗಿಂತ ಮೊದಲು ಖಾಲಿಯಾಗಿತ್ತು. ಏನು ಹೇಳುವುದು? ಎರಡು ದಿನಗಳಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನೇ ಹೇಳಿದಳು.

"ಕೇಳ್ತಿರೋರೆಲ್ಲ ಒಂದು ಯೋಚನೆ ಮಾಡಿ. ಲಿಥಿಯಂ ಅನ್ನೋದು ನಮ್ಮ ದಕ್ಷಿಣದ ಉಪ್ಪಿನ ಬಯಲಲ್ಲೇ ಇದೆ ಅಂತಾರೆ. ಅಲ್ಲಿನ ಚಳಿ ಇಲ್ಲಿಗಿಂತ ಘೋರ. ಅಂಥಾ ಚಳಿಯಲ್ಲಿ ಹುಟ್ಟಿದ್ದು ಬ್ಯಾಟರಿಯೊಳಗೆ ಬಂದಮೇಲೆ ಚಳಿಗೆ ಯಾಕೆ ಹೆದರುತ್ತೆ? ಗೊತ್ತಿದ್ದವರು ಬಂದು ಹೇಳಿ."

ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಎರಾಸ್ಮೊ ಬಂದ. ಟೋಪಿಯ ಮೇಲೆಲ್ಲ ಹಿಮದ ಪುಡಿ. ಕುರ್ಚಿ ಎಳೆದು ಮೈಕಿನ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡ.

"ಅದರಲ್ಲೇನಿದೆ ದೋನ್ಯಾ? ನಮ್ಮತ್ತೇನೂ ಹುಟ್ಟಿದ್ದು ಆ ಉಪ್ಪಿನ ಬಯಲಲ್ಲೇ. ಗುರುವಾರ ಬಂದವರು ಇನ್ನೂ ನಮ್ಮನೆ ಒಲೆ ಬಿಟ್ಟು ಎದ್ದಿಲ್ಲ."

ಆ ಮಾತು ಕೊನೆಯ ಅಕ್ಷರದವರೆಗೂ ಊರಿಗೆಲ್ಲ ಕೇಳಿಸಿತು. ಅವನ ಮನೆಯ ಒಲೆಯ ಮುಂದೆ ಕುಳಿತಿದ್ದವಳಿಗೂ.