ಮನೆ ಮುಂದಿನ ಜಾಗ

ಪೇಟೆಗೆ ಅಂಟಿಕೊಂಡ ಆ ಬಡಾವಣೆಯಲ್ಲಿ ಕಾರು ಕೊಳ್ಳುವುದು ದೊಡ್ಡ ಮಾತಲ್ಲ, ನಿಲ್ಲಿಸುವುದೇ ಮಾತು. ಗಡಿಯಾರ ರಿಪೇರಿಯ ಯಜಮಾನರಿಗೆ ಹನ್ನೊಂದು ವಾರದ ಹಿಂದೆ ಅದೃಷ್ಟ ಖುಲಾಯಿಸಿತ್ತು. ಅವರಿದ್ದ ಮೂರು ಮಹಡಿಯ ಕಟ್ಟಡದ ಎದುರಿಗೇ, ಮೆಟ್ಟಿಲಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಒಂದು ಜಾಗ ಖಾಲಿಯಾಯಿತು. ತಮ್ಮ ಬಿಳಿ ಕಾರನ್ನು ಹಿಂದೆ ಮುಂದೆ ಮಾಡಿ, ಬೆವರು ಸುರಿಸಿ, ಅದರೊಳಗೆ ತೂರಿಸಿದರು. ಇಳಿದು ಬಾಗಿಲು ಹಾಕಿದರು. ಅಲ್ಲಿಗೆ ಆ ಕಾರಿನ ಓಡಾಟ ಮುಗಿಯಿತು.

ಯಾಕೆಂದರೆ, ತೆಗೆದರೆ ಹೋಯಿತಲ್ಲ! ಜಾಗಕ್ಕಾಗಿ ಇಡೀ ಬೀದಿ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಅದರಲ್ಲೂ ಕೆಳಮನೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು. ಆ ಮನುಷ್ಯ ದಿನಾ ಬೆಳಿಗ್ಗೆ ಅರ್ಧ ಗಂಟೆ ಸುತ್ತು ಹಾಕಿ, ನಾಲ್ಕು ಬೀದಿಯಾಚೆ ಕಾರು ನಿಲ್ಲಿಸಿ, ನಡೆದು ಬರುತ್ತಾ ಯಜಮಾನರ ಕಾರಿನ ಕಡೆ ಒಂದು ನೋಟ ಬೀರುತ್ತಿದ್ದರು. ಆ ನೋಟ ಕಂಡರೆ ಯಜಮಾನರಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ತಾವು ಅಂಗಡಿಗೆ ನಡೆದೇ ಹೋಗುತ್ತಿದ್ದರು. ಮಗಳು ಸೈಕಲ್ ತುಳಿಯುತ್ತಿದ್ದಳು. ಹೆಂಡತಿಯಂತೂ ದಿನವೆಲ್ಲ ಒಂಬತ್ತನೇ ನಂಬರಿನ ಬಸ್ಸು ಓಡಿಸಿ, ಸಂಜೆ ಇನ್ನೊಬ್ಬರು ಓಡಿಸುವ ಅದೇ ಬಸ್ಸಿನಲ್ಲಿ ನೇತಾಡಿಕೊಂಡು ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಕಾರಿದೆಯಲ್ಲ ಅಂತ ಯಾರಾದರೂ ಕೇಳಿದರೆ, "ಇದೆ. ಅದು ನಿಂತಿದೆ" ಅನ್ನುತ್ತಿದ್ದಳು.

ಹತ್ತು ದಿನದ ಹಿಂದೆ ಡಿಪೋದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡಳು. ಆಪರೇಷನ್ ಆಯಿತು. ಯಜಮಾನರು ದಿನಾ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಭಾನುವಾರ ಅವಳು ಹಾಸಿಗೆಯಲ್ಲಿ ಕೂತೇ ಹೇಳಿದಳು.

"ರೀ, ನಾಳೆ ಹನ್ನೊಂದಕ್ಕೆ ಬಿಡ್ತಾರೆ. ಗೇಟ್ ಹತ್ರ ಕೂತಿರ್ತೀನಿ. ಕಾರ್ ತಗೊಂಡು ಬನ್ನಿ."

"ಬರ್ದೆ ಇರ್ತೀನಾ?"

"ನಿಮ್ಮನ್ನ ನಂಬೋ ಹಾಗಿಲ್ಲ. ಬರ್ಲಿಲ್ಲ ಅಂದ್ರೆ ಅಕ್ಕನ ಮನೆಗೆ ಹೋಗಿಬಿಡ್ತೀನಿ. ಅಲ್ಲಿ ಲಿಫ್ಟ್ ಇದೆ, ಅವಳು ಮೂರು ಸಲ ಕರೆದಿದ್ದಾಳೆ. ಹೋದ್ರೆ ಆರು ವಾರ, ನೆನಪಿರ್ಲಿ."

ಹತ್ತು ದಿನದಲ್ಲೇ ಮನೆ ಯಜಮಾನರನ್ನು ತಿನ್ನಲು ಬಂದಿತ್ತು. ಅಂಗಡಿಯಲ್ಲಿ ನೂರು ಗಡಿಯಾರ ಟಿಕ್ ಟಿಕ್ ಅಂದರೂ ಕಿವಿಗೆ ಹಾಕಿಕೊಳ್ಳದವರಿಗೆ, ಅವಳ ಬೈಗುಳವಿಲ್ಲದ ಅಡುಗೆಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳು ಬೇಕಿತ್ತು, ನಾಳೆಯೇ ಬೇಕಿತ್ತು. "ನಿನ್ನಾಣೆ, ಹನ್ನೊಂದಕ್ಕೆ ಗೇಟಲ್ಲಿರ್ತೀನಿ" ಎಂದು ಮಾತು ಕೊಟ್ಟು ಬಂದರು.

ಸೋಮವಾರ ಹತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರಿನ ಕೀ ಹಿಡಿದು ಕೆಳಗಿಳಿದರು. ಆಗ ತಲೆಯೊಳಗೆ ಹುಳ ಹೊಕ್ಕಿತು. ಕಾರು ತೆಗೆದು ಹೋದರೆ, ಬರುವಷ್ಟರಲ್ಲಿ ಜಾಗ ಡಾಕ್ಟರ ಪಾಲು. ಮಂಡಿ ಒಡೆದ ಹೆಂಡತಿಯನ್ನು ನಾಲ್ಕು ಬೀದಿ ನಡೆಸಿಕೊಂಡು ಬರುವುದೇ? ಅವಳು ನಾಲ್ಕೇ ಹೆಜ್ಜೆ ಇಟ್ಟು ಮೆಟ್ಟಿಲು ಸೇರಲಿ ಅಂತಲ್ಲವೇ ಹನ್ನೊಂದು ವಾರ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು? ಬಿದ್ದದ್ದು ಹತ್ತು ದಿನದ ಹಿಂದೆ ಎಂಬ ಲೆಕ್ಕ ಆ ಹೊತ್ತಿಗೆ ಅವರಿಗೆ ನೆನಪಾಗಲಿಲ್ಲ ಅನ್ನಿ.

ಮಗಳನ್ನು ಕರೆದರು. "ಪುಟ್ಟಿ, ಹನ್ನೊಂದೂವರೆವರೆಗೆ ಈ ಜಾಗದಲ್ಲಿ ಸ್ವಲ್ಪ ನಿಂತ್ಕೋತೀಯಾ?"

"ಅಪ್ಪಾ, ನಾನೇನು ಕಾರಾ? ನಂಗೆ ಡ್ಯೂಟಿ ಇದೆ" ಎಂದು ಅವಳು ಔಷಧಿ ಅಂಗಡಿಯ ಕೋಟು ಹುಡುಕಲು ಒಳಗೆ ಹೋದಳು.

ಅಷ್ಟರಲ್ಲಿ ಡಾಕ್ಟರ ಕಾರು ಮೂರನೇ ಸುತ್ತಿಗೆ ಬಂತು. ಯಜಮಾನರ ಕೈಯಲ್ಲಿ ಕೀ ಕಂಡದ್ದೇ ತಡ, ಗಾಜು ಇಳಿಯಿತು. "ಹೊರಟ್ರಾ?"

ಆ ದನಿಯಲ್ಲಿದ್ದ ಆಸೆ ಕೇಳಿಯೇ ಯಜಮಾನರ ನಿರ್ಧಾರ ಗಟ್ಟಿಯಾಯಿತು. "ಇಲ್ಲ ಡಾಕ್ಟ್ರೇ, ಗಾಜು ಒರೆಸೋಣ ಅಂತ ಬಂದೆ." ಇಸ್ತ್ರಿ ಅಂಗಿಯ ತೋಳಿನಿಂದಲೇ ಗಾಜು ಒರೆಸಿದರು. ಡಾಕ್ಟರು ಮುಂದೆ ಹೋದ ಮೇಲೆ ಬಸ್ ಸ್ಟಾಪಿಗೆ ನಡೆದರು. ಹೋಗುವಾಗ ಬಸ್ಸು, ಬರುವಾಗ ಟ್ಯಾಕ್ಸಿ, ಜಾಗವೂ ಭದ್ರ. ಇಂಥ ಬುದ್ಧಿ ಎಲ್ಲರಿಗೂ ಬರುತ್ತದೆಯೇ?

ಒಂಬತ್ತನೇ ನಂಬರಿನ ಬಸ್ಸು ಎರಡು ಸ್ಟಾಪು ದಾಟಿ ಜಪ್ಪಯ್ಯ ಅಂದರೂ ಅಲ್ಲಾಡದೆ ನಿಂತಿತು. ಮುಂದೆ ಯಾರೋ ನಿಲ್ಲಿಸಲು ಜಾಗ ಸಿಗದೆ ನಡುರಸ್ತೆಯಲ್ಲೇ ಕಾರು ಬಿಟ್ಟು ಬೇಕರಿಗೆ ಹೋಗಿದ್ದರು. "ಜನಕ್ಕೆ ಸ್ವಲ್ಪಾನೂ ಬುದ್ಧಿ ಇಲ್ಲ, ಕಾರ್ ಬೇರೆ ಕೇಡು ಇವ್ರಿಗೆ" ಎಂದು ಯಜಮಾನರು ಪಕ್ಕದವರಿಗೆ ಉಪದೇಶ ಮಾಡಿದರು. ಹತ್ತು ಐವತ್ತಾಯಿತು. ಕಿಟಕಿ ಯಾರೋ ತಟ್ಟಿದರು. ನೋಡಿದರೆ ಸೈಕಲ್ ಮೇಲೆ ಮಗಳು.

"ಅಪ್ಪಾ! ಬಸ್ಸಲ್ಲೇನ್ ಮಾಡ್ತಿದೀಯ? ಕಾರೆಲ್ಲಿ?"

"ಜಾಗದಲ್ಲೇ ಇದೆ. ಬರ್ತಾ ಟ್ಯಾಕ್ಸೀಲಿ ಕರ್ಕೊಂಡ್ ಬರ್ತೀನಿ, ಬಾಗಿಲಿಗೇ."

"ಬಾಗಿಲಲ್ಲಿ ಟ್ಯಾಕ್ಸಿ ಎಲ್ಲಿ ನಿಲ್ಸ್ತಾನೆ? ಅಲ್ಲಿ ನಮ್ ಕಾರಿದೆಯಲ್ಲಪ್ಪಾ!"

ಜಾಗ ಯಾರಿಗಾಗಿ ಕಾದಿಟ್ಟಿದ್ದರೋ ಅವಳಿಗೇ ಅಡ್ಡವಾಗಿ ತಮ್ಮದೇ ಕಾರು ಕೂತಿತ್ತು. ಬುದ್ಧಿ ನೆಟ್ಟಗಿರುವವರು ಆಗಲೂ ಸೀದಾ ಆಸ್ಪತ್ರೆಗೆ ನಡೆದು ಹೆಂಡತಿಯ ಪಕ್ಕ ಕೂರುತ್ತಿದ್ದರು. ನಮ್ಮ ಯಜಮಾನರು ಬಸ್ಸಿಳಿದು, ಮಗಳ ಸೈಕಲ್ ಕಿತ್ತುಕೊಂಡು, ಕಾರು ತರಲು ಮನೆಯ ಕಡೆ ತುಳಿದರು. ಮಗಳು ಹಿಂದಿನಿಂದ "ಅಮ್ಮಂಗೆ ಫೋನಾದ್ರೂ ಮಾಡು!" ಎಂದು ಕೂಗಿದ್ದು ಕೇಳಿಸಿತು. ಮಾಡಿ ಏನು ಹೇಳುವುದು? ಐವತ್ತೆಂಟು ವರ್ಷದ ಕಾಲುಗಳಲ್ಲಿ ತುಳಿಯುವಷ್ಟರಲ್ಲೇ ಅವರ ಉಸಿರು ಮುಗಿದಿತ್ತು.

ಹನ್ನೊಂದು ಹತ್ತಕ್ಕೆ ಕೀ ತಿರುಗಿಸಿದರು. ಕಾರು ಕಟಕಟ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಹನ್ನೊಂದು ವಾರ ಕೂತು ಕೂತು ಬ್ಯಾಟರಿ ಸತ್ತಿತ್ತು. ಯಜಮಾನರು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡರು.

"ಈಗ್ಲಾದ್ರೂ ಹೊರಟ್ರಾ?" ಬಿಳಿ ಕೋಟಿನ ಡಾಕ್ಟರು ಪ್ರತ್ಯಕ್ಷ. ವಿಷಯ ಕೇಳಿ ಅವರಿಗೆ ಬಂದ ಹುರುಪು ನೋಡಬೇಕಿತ್ತು. "ಅಯ್ಯೋ, ತಳ್ಳಿದ್ರೆ ಆಯ್ತು! ನೀವು ಕೂತ್ಕೊಳ್ಳಿ" ಎಂದು ಕೋಟು ಬಿಚ್ಚಿಯೇ ಬಿಟ್ಟರು. ಯಜಮಾನರು ಸ್ಟೀರಿಂಗ್ ತಿರುಗಿಸುತ್ತಾ, ಡಾಕ್ಟರು ಹಿಂದೆ ಮುಂದೆ ಓಡಾಡಿ ತಳ್ಳುತ್ತಾ, ಅರ್ಧ ಗಂಟೆ ಹೆಣಗಿ ಕಾರನ್ನು ಬೀದಿಯ ನಡುವಿಗೆ ತಂದರು. ಅದು ಹತ್ತು ಮಾರು ಉರುಳಿತು, ಒಂದು ಸಲ ಕೆಮ್ಮಿತು, ಅಡ್ಡಡ್ಡ ನಿಂತಿತು. ಹಿಂದೆ ಬಂದ ಕಾರುಗಳು ಹಾರನ್ ಶುರುಮಾಡಿದವು.

ಮೊದಲನೆಯದು ಹೆಂಡತಿಯ ಅಕ್ಕನ ಕಾರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಹೆಂಡತಿ ಕೂತಿದ್ದಳು.

ಯಜಮಾನರು ಓಡಿ ಹೋಗಿ ಕಿಟಕಿ ಹಿಡಿದುಕೊಂಡರು. "ಬಂದ್ಯಾ! ಇಳಿ, ಇಳಿ, ನಾನ್ ಹಿಡ್ಕೋತೀನಿ."

"ಬಟ್ಟೆ ತಗೊಂಡ್ ಹೋಗೋಕೆ ಬಂದ್ವಿ" ಎಂದಳು ಅಕ್ಕ ಮುಂದಿನ ಸೀಟಿನಿಂದ. "ಬೇಗ ತಂದ್ಕೊಡಿ. ಹಿಂದೆ ಎಷ್ಟ್ ಗಾಡಿ ನಿಂತಿದೆ ನೋಡಿ."

"ನಾನು ಹೊರಟಿದ್ದೆ ಕಣೇ. ಜಾಗ ಹೋಗ್ಬಾರ್ದು ಅಂತ ಬಸ್ಸಲ್ಲಿ... ನಿನಗೋಸ್ಕರಾನೇ ಆ ಜಾಗ..."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗೇಟಲ್ಲಿ ಕೂತಿದ್ದೆ ರೀ," ಎಂದಳು. "ಬಿಳೀ ಕಾರು ಬಂದಾಗೆಲ್ಲ ನೀವೇ ಅಂತ ಊರುಗೋಲು ಹಿಡ್ಕೊಂಡು ಎದ್ದು ನಿಂತೆ. ಒಂಬತ್ತು ಸಲ ಎದ್ದೆ. ಹತ್ತನೇದು ಬಂದಾಗ ಏಳೋಕಾಗ್ಲಿಲ್ಲ, ಅಕ್ಕಂಗೆ ಫೋನ್ ಮಾಡ್ದೆ."

ಯಜಮಾನರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡನೇ ಮಹಡಿಗೆ ಹತ್ತಿ, ಸಿಕ್ಕ ಬಟ್ಟೆಗಳನ್ನು ಚೀಲಕ್ಕೆ ತುಂಬಿ ತಂದು ಕಿಟಕಿಯೊಳಗೆ ಕೊಟ್ಟರು. ಅವಳು ಚೀಲ ತೆಗೆದುಕೊಂಡು ಅವರ ಅಂಗಿಯ ಕೊಳೆಯಾದ ತೋಳನ್ನು ನೋಡಿದಳು. "ಒಳ್ಳೇ ಅಂಗಿ, ಹೀಗಾ ಹಾಳ್ಮಾಡ್ಕೊಳ್ಳೋದು" ಎಂದು ಮುಖ ಆಚೆ ತಿರುಗಿಸಿಕೊಂಡಳು.

ಹಾರನ್ನುಗಳು ಕಿವಿ ಕಿತ್ತುಹೋಗುವಂತೆ ಅರಚಿದವು. ಆ ಬೀದಿಯಲ್ಲಿ ಬಿಳಿ ಕಾರನ್ನು ಪಕ್ಕಕ್ಕೆ ಸರಿಸಲು ಒಂದೇ ಒಂದು ಕಡೆ ಖಾಲಿಯಿತ್ತು, ಅದು ಈಗಷ್ಟೇ ಬಿಟ್ಟು ಬಂದ ಜಾಗ. "ಅಲ್ಲಿಗೇನಾ?" ಎಂದು ಡಾಕ್ಟರು ಅಳುಮುಖ ಮಾಡಿಕೊಂಡು ಕೇಳಿದರು. ಯಜಮಾನರು ಕಾರಿನ ಮೂತಿಗೆ ಎರಡೂ ಕೈ ಕೊಟ್ಟು, ಹೆಂಡತಿಗೆ ಹೋಗಲು ದಾರಿಯಾಗಲಿ ಎಂದು ತಳ್ಳತೊಡಗಿದರು.